ಜಿಲ್ಲೆಗೆ ಮುಂದೆ ಯಾವ ಕೌಶಲ ಬೇಕಾದೀತು? ಉದ್ಯೋಗ ಮಾರುಕಟ್ಟೆ ಮಾಹಿತಿ ವ್ಯವಸ್ಥೆಯನ್ನು ಕಟ್ಟುವ ಬಗೆ, ತುಮಕೂರನ್ನು ಮುಂದಿಟ್ಟುಕೊಂಡು

ಸಿದ್ಧ ಉಡುಪಿನ ಕಾರ್ಖಾನೆಗಳಿರುವ ನಮ್ಮ ಊರುಗಳಲ್ಲಿ "ಟೈಲರ್‌ಗಳು, ಹೆಲ್ಪರ್‌ಗಳು ಬೇಕಾಗಿದ್ದಾರೆ, ಪಿಎಫ್, ಇಎಸ್‌ಐ, ವಾಹನ ಸೌಲಭ್ಯವಿದೆ" ಎಂಬ ಚೀಟಿಗಳು ವಿದ್ಯುತ್ ಕಂಬಗಳ ಮೇಲೆ ವರ್ಷವಿಡೀ ಅಂಟಿಕೊಂಡಿರುತ್ತವೆ. ಅದೇ ಊರುಗಳಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿನ ರೈಲು ಹತ್ತುತ್ತಿರುತ್ತಾರೆ. ಈ ಎರಡು ಸಂಗತಿಗಳು ಒಂದೇ ಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂಬುದನ್ನು ಲೆಕ್ಕವಿಟ್ಟು ತೋರಿಸುವ, ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಜನ ಬೇಕಾದೀತು ಎಂದು ಎಚ್ಚರದಿಂದ ಅಂದಾಜಿಸುವ ಏರ್ಪಾಡೇ ಉದ್ಯೋಗ ಮಾರುಕಟ್ಟೆ ಮಾಹಿತಿ ವ್ಯವಸ್ಥೆ. ಇದು ಒಂದು ಜಾಲತಾಣವೆಂದೋ ಗೋಡೆಯ ಮೇಲಿನ ದೊಡ್ಡ ಪರದೆಯೆಂದೋ ಭಾವಿಸುವವರು ಹೆಚ್ಚು. ನಿಜದಲ್ಲಿ ಇದು ವರ್ಷಕ್ಕೊಮ್ಮೆ ತಪ್ಪದೆ ನಡೆಯಬೇಕಾದ ಕೇಳುವ, ಎಣಿಸುವ, ತಾಳೆ ನೋಡುವ ಕೆಲಸ.

ಈ ಮಾರ್ಗದರ್ಶಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ ಸಮಿತಿಗೆ ಯೋಜನೆ ಸಿದ್ಧಪಡಿಸುವವರನ್ನು, ಐಟಿಐ ಪ್ರಾಂಶುಪಾಲರನ್ನು, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಉದ್ಯೋಗ ವಿನಿಮಯ ಕಚೇರಿಗಳ ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಉದಾಹರಣೆಗೆ ತುಮಕೂರನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಹತ್ತು ತಾಲ್ಲೂಕುಗಳ, 2011ರ ಜನಗಣತಿಯಂತೆ ಸುಮಾರು 26.8 ಲಕ್ಷ ಜನಸಂಖ್ಯೆಯ ಈ ಒಂದೇ ಜಿಲ್ಲೆಯಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಿದೆ, ಪಾವಗಡದಲ್ಲಿ ಸೌರ ಪಾರ್ಕ್ ಇದೆ, ತಿಪಟೂರಿನಲ್ಲಿ ಕೊಬ್ಬರಿ ಮಾರುಕಟ್ಟೆಯಿದೆ, ಬಾಗಿಲು ಮುಚ್ಚಿದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ನೆನಪೂ ಇದೆ. ಕೌಶಲದ ಬೇಡಿಕೆ ಏರುವ, ಇಳಿಯುವ, ರೂಪ ಬದಲಿಸುವ ಬಹುತೇಕ ಬಗೆಗಳಿಗೆ ಇಲ್ಲಿ ಒಂದೊಂದು ನಿದರ್ಶನ ಸಿಗುತ್ತದೆ.

ಒಂದನೆಯ ಹೆಜ್ಜೆ: ಯಾರ ತೀರ್ಮಾನಕ್ಕಾಗಿ, ಯಾವ ದಿನಾಂಕದೊಳಗೆ

ದತ್ತಾಂಶ ಸಂಗ್ರಹಿಸುವ ಮೊದಲು ಅದರಿಂದ ಬದಲಾಗಬೇಕಾದ ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜಿಲ್ಲೆಯ ಮಟ್ಟದಲ್ಲಿ ಇವು ಹೆಚ್ಚಿರುವುದಿಲ್ಲ: ಐಟಿಐನಲ್ಲಿ ಯಾವ ವೃತ್ತಿಗೆ ಹೊಸ ಘಟಕ (ಅಂದರೆ ಒಂದು ತಂಡದ ಸೀಟುಗಳು) ಕೇಳಬೇಕು, ಯಾವುದನ್ನು ಮುಚ್ಚಬೇಕು; ಅಲ್ಪಾವಧಿ ತರಬೇತಿಯ ಗುರಿಯನ್ನು ಯಾವ ತಾಲ್ಲೂಕಿಗೆ, ಯಾವ ಕೆಲಸಕ್ಕೆ ಹಂಚಬೇಕು; ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಏನು ಹೇಳಬೇಕು. ಪ್ರತಿಯೊಂದರ ಎದುರಿಗೂ ಕಾಲಾವಧಿಯನ್ನು ನಮೂದಿಸಿ. ಫಿಟ್ಟರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್, ಟರ್ನರ್ ವೃತ್ತಿಗಳು 2 ವರ್ಷದವು. ವೆಲ್ಡರ್ ಮತ್ತು ಕೋಪಾ (ಕಂಪ್ಯೂಟರ್ ಆಪರೇಟರ್ ತರಬೇತಿ) 1 ವರ್ಷದವು. 2026ರ ಪ್ರವೇಶದಲ್ಲಿ ಆರಂಭವಾಗುವ ಫಿಟ್ಟರ್ ಘಟಕದಿಂದ ಮೊದಲ ತಂಡ ಹೊರಬೀಳುವುದು 2028ರಲ್ಲಿ. ಅದಕ್ಕೆ ಹಾಕಿದ ಯಂತ್ರಗಳು, ನೇಮಿಸಿದ ಬೋಧಕರು ಅಲ್ಲಿಂದ ಮುಂದೆ ಎಷ್ಟೋ ವರ್ಷ ಅಲ್ಲೇ ಇರುತ್ತಾರೆ. ಹಾಗಾಗಿ ಆ ತೀರ್ಮಾನಕ್ಕೆ ಬೇಕಾದದ್ದು ಇಂದಿನ ಖಾಲಿ ಹುದ್ದೆಗಳ ಪಟ್ಟಿಯಲ್ಲ, 2028ರಿಂದ ಆಚೆಗಿನ ಅಂದಾಜು. ಮೂರು ತಿಂಗಳ ತರಬೇತಿಗಾದರೆ ಇಂದಿನ ಪಟ್ಟಿಯೇ ಸಾಕು. ಈ ಎರಡನ್ನು ಬೆರೆಸುವುದರಿಂದಲೇ ಎಷ್ಟೋ ಜಿಲ್ಲಾ ಯೋಜನೆಗಳು ಕೆಡುತ್ತವೆ.

ಎರಡನೆಯ ಹೆಜ್ಜೆ: ಒಂದೇ ಭಾಷೆಯಲ್ಲಿ ಹೆಸರಿಡುವುದು

ಕಾರ್ಖಾನೆಯವರು "ಆಪರೇಟರ್" ಎನ್ನುತ್ತಾರೆ, ಐಟಿಐನವರು "ಮೆಷಿನಿಸ್ಟ್" ಎನ್ನುತ್ತಾರೆ, ತರಬೇತಿ ಯೋಜನೆಯ ಕಡತದಲ್ಲಿ ಮತ್ತೊಂದೇ ಹೆಸರು ಇರುತ್ತದೆ. ಮೂರೂ ಒಂದೇ ಕೆಲಸವಾಗಿರಬಹುದು, ಆಗಿಲ್ಲದೆಯೂ ಇರಬಹುದು. ಇದಕ್ಕೆ ಪರಿಹಾರವಾಗಿ ಎರಡು ಅಧಿಕೃತ ವರ್ಗೀಕರಣಗಳಿವೆ. ಉದ್ದಿಮೆಯ ಘಟಕವು, ಅಂದರೆ ಕಾರ್ಖಾನೆಯೋ ವರ್ಕ್‌ಷಾಪೋ, ಏನನ್ನು ತಯಾರಿಸುತ್ತದೆ ಎಂಬುದಕ್ಕೆ 2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ, ಅದರೊಳಗಿನ ವ್ಯಕ್ತಿ ಏನು ಕೆಲಸ ಮಾಡುತ್ತಾನೆ ಎಂಬುದಕ್ಕೆ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣ. ಸಿದ್ಧ ಉಡುಪಿನ ತಯಾರಿಕೆ ಮೊದಲನೆಯದರಲ್ಲಿ 14ನೆಯ ವಿಭಾಗಕ್ಕೆ ಸೇರುತ್ತದೆ. ಆದರೆ ಆ ಕಾರ್ಖಾನೆಯ ಒಳಗೆ ಹೊಲಿಯುವವರಲ್ಲದೆ ಎಲೆಕ್ಟ್ರಿಷಿಯನ್, ಬಾಯ್ಲರ್ ನೋಡಿಕೊಳ್ಳುವವರು, ಲೆಕ್ಕಪತ್ರದವರು, ಚಾಲಕರು ಎಲ್ಲರೂ ಇರುತ್ತಾರೆ. ಉದ್ದಿಮೆ ಬೆಳೆದರೆ ಇವರೆಲ್ಲರ ಬೇಡಿಕೆಯೂ ಬೆಳೆಯುತ್ತದೆ. ಉದ್ದಿಮೆಯ ಹೆಸರನ್ನು ಹಿಡಿದು ಒಂದೇ ತರಬೇತಿಗೆ ಹಾರುವುದು ತಪ್ಪು.

ವೃತ್ತಿ ಸಂಕೇತದಲ್ಲಿ ಎಷ್ಟು ಅಂಕೆಗಳವರೆಗೆ ಇಳಿಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಅಂತರರಾಷ್ಟ್ರೀಯ ವರ್ಗೀಕರಣವನ್ನೇ ಅನುಸರಿಸುವ ನಮ್ಮ ಪಟ್ಟಿಯಲ್ಲಿ ಅಳತೆ ತೆಗೆದು ಬಟ್ಟೆ ಹೊಲಿಯುವ ದರ್ಜಿ 7531ರಲ್ಲಿ ಬರುತ್ತಾನೆ, ಕಾರ್ಖಾನೆಯ ಸಾಲಿನಲ್ಲಿ ಕುಳಿತು ಕಾಲರನ್ನಷ್ಟೇ ಕೂಡಿಸುವ ಹೊಲಿಗೆ ಯಂತ್ರದ ನಿರ್ವಾಹಕಿ 8153ರಲ್ಲಿ ಬರುತ್ತಾಳೆ. ಕಂಬದ ಮೇಲಿನ ಚೀಟಿಯಲ್ಲಿ "ಟೈಲರ್" ಎಂದಿದ್ದರೂ ಅವರಿಗೆ ಬೇಕಾದದ್ದು ಎರಡನೆಯವಳು. ದರ್ಜಿ ತರಬೇತಿ ಕೊಟ್ಟು ಕಳಿಸಿದರೆ ಕಲಿತವರಿಗೂ ಕಾರ್ಖಾನೆಯವರಿಗೂ ಬೇಸರ. ಇಲ್ಲಿ ಮೂರಂಕಿಯ ಮಟ್ಟದಲ್ಲೇ, ಅಂದರೆ 753 ಮತ್ತು 815 ಎಂದು, ವ್ಯತ್ಯಾಸ ಗೋಚರಿಸುತ್ತದೆ. ಲೋಹದ ಕೆಲಸಕ್ಕೆ ಬಂದರೆ ಹಾಗಿಲ್ಲ. ಕುಲುಮೆಯ ಮುಂದೆ ಕುಳಿತ ಕಮ್ಮಾರ, ಟೂಲ್ ರೂಮಿನ ಅಚ್ಚುಗಾರ, ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರದ ಆಪರೇಟರ್ ಮೂವರೂ 722 ಎಂಬ ಒಂದೇ ಗುಂಪಿನಲ್ಲಿದ್ದಾರೆ. ನಾಲ್ಕನೆಯ ಅಂಕೆಗೆ ಇಳಿದಾಗಲೇ ಬೇರೆಯಾಗುತ್ತಾರೆ. ಮೂರಂಕಿಯ ಸರ್ಕಾರಿ ದತ್ತಾಂಶ ನೋಡಿ "ಈ ಗುಂಪು ಕುಗ್ಗುತ್ತಿದೆ" ಎಂದು ಬರೆದರೆ, ಕುಗ್ಗಿದ್ದು ಕುಲುಮೆಯೋ ಸಿಎನ್‌ಸಿಯೋ ಎಂಬುದು ಅದರಲ್ಲಿ ಕಾಣಿಸುವುದಿಲ್ಲ.

ಆದ್ದರಿಂದ ಜಿಲ್ಲೆಗೆ ಮುಖ್ಯವೆನಿಸುವ 30ರಿಂದ 40 ಕೆಲಸಗಳ ಒಂದು ಕೋಷ್ಟಕ ಮಾಡಿ. ಮೊದಲ ಅಂಕಣದಲ್ಲಿ ಷಾಪ್ ಫ್ಲೋರ್‌ನಲ್ಲಿ ಬಳಸುವ ಹೆಸರು, ಎರಡನೆಯದರಲ್ಲಿ ನಾಲ್ಕಂಕಿಯ ವೃತ್ತಿ ಸಂಕೇತ, ಮೂರನೆಯದರಲ್ಲಿ ಅದಕ್ಕೆ ಹೊಂದುವ ಐಟಿಐ ವೃತ್ತಿ ಅಥವಾ ಕೋರ್ಸು ಇರಲಿ. ಮುಂದಿನ ಎಲ್ಲ ಕೆಲಸಕ್ಕೂ ಈ ಕೋಷ್ಟಕವೇ ಬುನಾದಿ. ಇದನ್ನು ಕಚೇರಿಯಲ್ಲಿ ಕುಳಿತು ತುಂಬಬಾರದು. ಇಬ್ಬರು ಮೂವರು ಸೂಪರ್‌ವೈಸರ್‌ಗಳನ್ನು ಜೊತೆಗೆ ಕೂರಿಸಿಕೊಂಡರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಮೂರನೆಯ ಹೆಜ್ಜೆ: ಈಗಾಗಲೇ ಇರುವ ಅಂಕಿಅಂಶ, ಅದರ ಕುರುಡು ಜಾಗಗಳು

ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, 2017ರಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ ಉದ್ಯೋಗದ ದೊಡ್ಡ ಸಮೀಕ್ಷೆ ಸುಮಾರು ಐದು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತಿತ್ತು. 2025ರ ಜನವರಿಯಿಂದ ಅದರ ವಿನ್ಯಾಸ ಬದಲಾಗಿ, ತಿಂಗಳ ಅಂದಾಜುಗಳು ಹೊರಬರಲು ತೊಡಗಿವೆ, ಮಾದರಿಯ ಆಯ್ಕೆಯಲ್ಲಿ ಜಿಲ್ಲೆಗೆ ಮೂಲ ಘಟಕದ ಸ್ಥಾನ ಸಿಕ್ಕಿದೆ. ಇದು ಒಳ್ಳೆಯ ಸುದ್ದಿ. ಆದರೂ ಜಿಲ್ಲೆಯ ಒಂದು ವರ್ಷದ ಅಂಕಿಯನ್ನು ಎತ್ತಿಕೊಳ್ಳುವಾಗ ಮಾದರಿಯ ಗಾತ್ರವನ್ನು ಮರೆಯಬಾರದು. 400 ಜನರ ಮಾದರಿಯಲ್ಲಿ ನಿರುದ್ಯೋಗ ಶೇ 5 ಎಂದು ಬಂದರೆ, ಸರಳ ಲೆಕ್ಕದಲ್ಲೇ ನಿಜವಾದ ಪ್ರಮಾಣ ಶೇ 3ರಿಂದ 7ರ ನಡುವೆ ಎಲ್ಲಿಯಾದರೂ ಇರಬಹುದು. ಮಾದರಿಯನ್ನು ಗುಂಪುಗುಂಪಾಗಿ ಆರಿಸುವುದರಿಂದ ಈ ಅಂತರ ಇನ್ನೂ ಹಿಗ್ಗುತ್ತದೆ. ಎರಡು ಮೂರು ವರ್ಷಗಳನ್ನು ಒಟ್ಟುಗೂಡಿಸಿ ನೋಡುವುದು, ನೆರೆಯ ಜಿಲ್ಲೆಗಳೊಡನೆ ಸೇರಿಸಿ ನೋಡುವುದು ಸುರಕ್ಷಿತ. ಇನ್ನೊಂದು ಸಂಗತಿ: ವಾರದ ಸ್ಥಿತಿಯ ಲೆಕ್ಕದಲ್ಲಿ ಏಳು ದಿನಗಳಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೇ. ಕೌಶಲಕ್ಕೆ ತಕ್ಕ ಕೆಲಸ ಸಿಕ್ಕಿದೆಯೇ ಎಂಬ ಪ್ರಶ್ನೆಗೆ ನಿರುದ್ಯೋಗದ ಪ್ರಮಾಣದಿಂದ ಉತ್ತರ ಸಿಗುವುದಿಲ್ಲ.

ವಾರ್ಷಿಕ ಕೈಗಾರಿಕಾ ಸಮೀಕ್ಷೆಯು ನೋಂದಾಯಿತ ಕಾರ್ಖಾನೆಗಳನ್ನು ಮುಖ್ಯವಾಗಿ ಗಣಿಸುತ್ತದೆ. ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕೆಲಸಗಾರರು ಎಂಬ ಹಳೆಯ ಗೆರೆಯ ಕೆಳಗಿನ ವರ್ಕ್‌ಷಾಪುಗಳು ಅದರ ಹೊರಗೆ. ಅವುಗಳಿಗೆ ಅಸಂಘಟಿತ ವಲಯದ ಉದ್ಯಮಗಳ ಪ್ರತ್ಯೇಕ ವಾರ್ಷಿಕ ಸಮೀಕ್ಷೆ ಇದೆ. ತಿಪಟೂರಿನ ಕೊಬ್ಬರಿ, ಗುಬ್ಬಿಯ ಕಡೆಯ ತೆಂಗಿನ ನಾರಿನ ಕೆಲಸ ಬಹುಮಟ್ಟಿಗೆ ಈ ಗೆರೆಯ ಕೆಳಗೇ ನಡೆಯುವುದರಿಂದ ಇದನ್ನು ಬಿಟ್ಟರೆ ಜಿಲ್ಲೆಯ ಅರ್ಧವನ್ನೇ ಬಿಟ್ಟಂತೆ.

ಭವಿಷ್ಯ ನಿಧಿಯ ಮಾಸಿಕ ಅಂಕಿಗಳನ್ನು 2018ರಿಂದ ಪ್ರಕಟಿಸಲಾಗುತ್ತಿದೆ. ಬೇಗ ಕೈಗೆ ಸಿಗುವುದು ಅವುಗಳ ಗುಣ. ಆದರೆ 19 ಜನರಿದ್ದ ಘಟಕ 20ನೆಯವರನ್ನು ಸೇರಿಸಿಕೊಂಡು ಕಾಯ್ದೆಯ ವ್ಯಾಪ್ತಿಗೆ ಬಂದಾಗ ಪಟ್ಟಿಯಲ್ಲಿ ಒಮ್ಮೆಗೇ 20 ಹೊಸ ಹೆಸರುಗಳು ಕಾಣಿಸುತ್ತವೆ. ಹುಟ್ಟಿದ್ದು ಒಂದು ಕೆಲಸ ಮಾತ್ರ. ಗುತ್ತಿಗೆದಾರರ ನೋಂದಣಿ ಬೆಂಗಳೂರಿನಲ್ಲಿದ್ದರೆ ವಸಂತನರಸಾಪುರದಲ್ಲಿ ದುಡಿಯುವವರು ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತಾರೆ. 1959ರ ಖಾಲಿ ಹುದ್ದೆಗಳ ಕಡ್ಡಾಯ ಅಧಿಸೂಚನೆ ಕಾಯ್ದೆಯಡಿ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಉದ್ಯೋಗ ವಿನಿಮಯ ಕಚೇರಿಗೆ ತ್ರೈಮಾಸಿಕ ವಿವರ ಕೊಡಬೇಕಿತ್ತು, ಎರಡು ವರ್ಷಕ್ಕೊಮ್ಮೆ ವೃತ್ತಿವಾರು ವಿವರವನ್ನೂ ಕೊಡಬೇಕಿತ್ತು. ಈಗ ಆ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಲೀನವಾಗಿದೆ. ವಿನಿಮಯ ಕಚೇರಿಯ ಕಪಾಟಿನಲ್ಲಿರುವ ಹಳೆಯ ವೃತ್ತಿವಾರು ನಮೂನೆಗಳನ್ನು ಒಮ್ಮೆ ಧೂಳು ಕೊಡವಿ ನೋಡುವುದು ಒಳ್ಳೆಯದು. ಅಪೂರ್ಣವಾಗಿದ್ದರೂ ಯಾವ ಘಟಕ ಎಂದು ಆರಂಭವಾಯಿತು, ಎಂದು ಕುಗ್ಗಿತು ಎಂಬ ಜಾಡು ಅವುಗಳಲ್ಲಿ ಇರುತ್ತದೆ.

ಇವುಗಳ ಜೊತೆಗೆ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಅಸಂಘಟಿತ ಕಾರ್ಮಿಕರ ಇ-ಶ್ರಮ್, ರಾಷ್ಟ್ರೀಯ ವೃತ್ತಿ ಸೇವೆಯ ಪೋರ್ಟಲ್, ಅಪ್ರೆಂಟಿಸ್ ನೋಂದಣಿ ಇವೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ನಂಬಲರ್ಹ ಸುಳಿವು ವಿದ್ಯುತ್ ಕಂಪನಿಯ ಕಡತದಲ್ಲಿದೆ: ಕೈಗಾರಿಕೆಗಳಿಗೆ ಮಂಜೂರಾದ ಹೈಟೆನ್ಷನ್ ಸಂಪರ್ಕಗಳು ಮತ್ತು ಅವುಗಳ ಬಳಕೆ. ಜಾಗ ಪಡೆದು ಬೇಲಿ ಹಾಕಿ ಸುಮ್ಮನಿರುವವರು ಇದ್ದಾರೆ, ಆದರೆ ಬಳಸದ ವಿದ್ಯುತ್ತಿಗೆ ತಿಂಗಳು ತಿಂಗಳು ಬಿಲ್ಲು ಕಟ್ಟುವವರು ಕಡಿಮೆ.

ನಾಲ್ಕನೆಯ ಹೆಜ್ಜೆ: ಉದ್ಯೋಗದಾತರನ್ನು ಸರಿಯಾದ ಪ್ರಶ್ನೆ ಕೇಳುವುದು

ಇಡೀ ವ್ಯವಸ್ಥೆಯ ಗುಣಮಟ್ಟ ನಿರ್ಧಾರವಾಗುವುದು ಈ ಹಂತದಲ್ಲಿ. ಮೊದಲು ಘಟಕಗಳ ಪಟ್ಟಿ ಮಾಡಿ, ಗಾತ್ರದ ಪ್ರಕಾರ ಮೂರು ಪದರಗಳಾಗಿ ವಿಂಗಡಿಸಿ. ಉದಾಹರಣೆಗೆ, ನಿಮ್ಮ ಪಟ್ಟಿಯಲ್ಲಿ 300 ಘಟಕಗಳಿವೆ ಎಂದುಕೊಳ್ಳೋಣ: 200ಕ್ಕಿಂತ ಹೆಚ್ಚು ಜನರಿರುವ 12, ಮಧ್ಯಮ ಗಾತ್ರದ 68, ಸಣ್ಣವು 220. ದೊಡ್ಡ 12ಕ್ಕೂ ಹೋಗಿ. ಮಧ್ಯಮದಲ್ಲಿ ಒಂದು ಬಿಟ್ಟು ಒಂದರಂತೆ 34ಕ್ಕೆ ಹೋಗಿ. ಸಣ್ಣದರಲ್ಲಿ ಐದಕ್ಕೊಂದರಂತೆ 44ಕ್ಕೆ ಹೋಗಿ. ಒಟ್ಟು 90 ಭೇಟಿಗಳು. ನಾಲ್ವರು ಮೂರು ವಾರದಲ್ಲಿ ಮುಗಿಸಬಹುದಾದಷ್ಟು. ಒಟ್ಟು ಲೆಕ್ಕ ಹಾಕುವಾಗ ಮಧ್ಯಮ ಘಟಕದ ಉತ್ತರವನ್ನು 2ರಿಂದ, ಸಣ್ಣದರ ಉತ್ತರವನ್ನು 5ರಿಂದ ಗುಣಿಸಬೇಕು. ಈ ಗುಣಾಕಾರವನ್ನು ಬಿಟ್ಟರೆ ದೊಡ್ಡ ಕಾರ್ಖಾನೆಗಳ ಅಗತ್ಯವೇ ಜಿಲ್ಲೆಯ ಅಗತ್ಯವೆಂದು ತೋರುತ್ತದೆ.

"2030ಕ್ಕೆ ನಿಮಗೆ ಎಷ್ಟು ಜನ ಬೇಕು?" ಎಂದು ಕೇಳಬೇಡಿ. ಅದಕ್ಕೆ ಯಾರ ಬಳಿಯೂ ಉತ್ತರವಿಲ್ಲ, ಆದರೆ ಕೇಳಿದವರ ಮುಖ ನೋಡಿ ಒಂದು ದೊಡ್ಡ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಆಗಿಹೋದದ್ದನ್ನು ಕೇಳಿ. ಕಳೆದ 12 ತಿಂಗಳಲ್ಲಿ ಈ ಕೆಲಸಕ್ಕೆ ಎಷ್ಟು ಜನ ಸೇರಿದರು? ಎಷ್ಟು ಜನ ಬಿಟ್ಟರು? ಸೇರಿದವರಲ್ಲಿ ಎಷ್ಟು ಮಂದಿ ಇದೇ ಕೆಲಸವನ್ನು ಜಿಲ್ಲೆಯ ಬೇರೆ ಘಟಕದಲ್ಲಿ ಮಾಡುತ್ತಿದ್ದವರು? ತುಂಬಲು ಮೂರು ತಿಂಗಳಿಗಿಂತ ಹೆಚ್ಚು ಹಿಡಿದ ಹುದ್ದೆ ಯಾವುದು, ಅದಕ್ಕೆ ಕೊಡಲು ಒಪ್ಪಿದ್ದ ಸಂಬಳವೆಷ್ಟು? ಬಂದವರನ್ನು ಬೇಡವೆಂದದ್ದೇಕೆ, ಬೇಕೆಂದವರು ಬಾರದಿದ್ದದ್ದೇಕೆ? ಹೊಸಬನೊಬ್ಬ ತಾನಾಗಿ ಯಂತ್ರ ನಡೆಸಲು ಎಷ್ಟು ವಾರ ಹಿಡಿಯುತ್ತದೆ?

ಕೊನೆಯ ಪ್ರಶ್ನೆಗಳನ್ನು ಎಚ್‌ಆರ್ ವಿಭಾಗದವರಿಗಿಂತ ಸೂಪರ್‌ವೈಸರ್‌ಗೆ ಕೇಳುವುದು ಮೇಲು. ಎಚ್‌ಆರ್‌ನವರು "ಸಂವಹನ ಕೌಶಲ ಕಡಿಮೆ" ಎಂದು ಬರೆಸುವ ಕಡೆ ಸೂಪರ್‌ವೈಸರ್ "ವರ್ನಿಯರ್ ಹಿಡಿದು ಅಳತೆ ಓದೋಕೆ ಬರಲ್ಲ, ಡ್ರಾಯಿಂಗ್ ಅರ್ಥ ಆಗಲ್ಲ" ಎನ್ನುತ್ತಾನೆ. ತರಬೇತಿಗೆ ಉಪಯೋಗಕ್ಕೆ ಬರುವುದು ಎರಡನೆಯ ಮಾತು. ಹೆಲ್ಪರ್‌ಗಳನ್ನು, ಆಪರೇಟರ್‌ಗಳನ್ನು ಗುತ್ತಿಗೆದಾರರ ಮೂಲಕ ತರಿಸಿಕೊಳ್ಳುವ ಘಟಕಗಳಲ್ಲಿ ಗುತ್ತಿಗೆದಾರರನ್ನೂ ಪ್ರತ್ಯೇಕವಾಗಿ ಮಾತನಾಡಿಸಬೇಕು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇಲ್ಲದ ಅರ್ಧ ಜನ ಅವರ ಪುಸ್ತಕದಲ್ಲಿರುತ್ತಾರೆ.

"ಜನ ಸಿಗುತ್ತಿಲ್ಲ" ಎಂಬ ಮಾತನ್ನು ಎಲ್ಲಿ ಕೇಳಿದರೂ ಅದರ ಪಕ್ಕದಲ್ಲೇ ಸಂಬಳವನ್ನು ಬರೆದುಕೊಳ್ಳಿ. ಅದೇ ಕೆಲಸಕ್ಕೆ ನೆಲಮಂಗಲದಲ್ಲಿ, ಪೀಣ್ಯದಲ್ಲಿ ಕೊಡುವುದೆಷ್ಟು ಎಂದು ಹೋಲಿಸಿ. ಸಂಬಳ ಸಮವಾಗಿದ್ದೂ ಜನ ಸಿಗದಿದ್ದರೆ ಅದು ಕೌಶಲದ ಕೊರತೆ. ಸಂಬಳ ಕಡಿಮೆಯಿದ್ದು ಜನ ಸಿಗದಿದ್ದರೆ ಅದು ಸಂಬಳದ ಕೊರತೆ. ಸರ್ಕಾರಿ ಹಣದಲ್ಲಿ ಎಷ್ಟು ಜನರಿಗೆ ತರಬೇತಿ ಕೊಟ್ಟರೂ ಅದು ತುಂಬುವುದಿಲ್ಲ, ತರಬೇತಾದವರು ಅದೇ ರೈಲು ಹತ್ತುತ್ತಾರೆ.

ಜಾಹೀರಾತುಗಳ ಬಗ್ಗೆ ಎರಡು ಮಾತು. ಜಾಲತಾಣಗಳಲ್ಲಿನ ಉದ್ಯೋಗ ಪ್ರಕಟಣೆಗಳನ್ನು ಯಾಂತ್ರಿಕವಾಗಿ ಸಂಗ್ರಹಿಸುವುದು ಈಚೆಗೆ ಜನಪ್ರಿಯ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಳಿಗೆ ಅದು ಸರಿ. ತುಮಕೂರಿನ ವೆಲ್ಡರ್ ಕೆಲಸ ಜಾಲತಾಣಕ್ಕೆ ಬರುವುದು ವಿರಳ. ಅದು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಕಾರ್ಖಾನೆಯ ಗೇಟಿನ ಫಲಕದಲ್ಲಿ, ಸ್ಥಳೀಯ ಪತ್ರಿಕೆಯ ಸಾಲು ಜಾಹೀರಾತಿನಲ್ಲಿ ಇರುತ್ತದೆ. ತಿಂಗಳಿಗೊಮ್ಮೆ ಒಬ್ಬರು ಕೈಗಾರಿಕಾ ಪ್ರದೇಶ ಸುತ್ತಿ ಗೇಟಿನ ಫಲಕಗಳ ಚಿತ್ರ ತೆಗೆದು ನಮೂದಿಸಿದರೆ, ಒಂದು ವರ್ಷದಲ್ಲಿ ಯಾವ ಪೋರ್ಟಲ್ಲೂ ಕೊಡಲಾರದ ಸರಣಿ ಸಿದ್ಧವಾಗುತ್ತದೆ.

ಐದನೆಯ ಹೆಜ್ಜೆ: ಬಿಟ್ಟುಹೋಗುವವರ ಲೆಕ್ಕ

ಹೊಸ ಕಾರ್ಖಾನೆ ಬಂದರೆ ಎಷ್ಟು ಹುದ್ದೆ ಎಂಬುದರ ಕಡೆಗೇ ಎಲ್ಲರ ಕಣ್ಣು. ವಾಸ್ತವದಲ್ಲಿ ಹೆಚ್ಚಿನ ಕೆಲಸಗಳಲ್ಲಿ ಹೊಸಬರಿಗೆ ಬಾಗಿಲು ತೆರೆಯುವುದು ಹಳಬರು ಹೊರಟಾಗ: ನಿವೃತ್ತಿಯಾದಾಗ, ಕೆಲಸವನ್ನೇ ಬದಲಿಸಿದಾಗ, ಜಿಲ್ಲೆ ಬಿಟ್ಟು ಹೋದಾಗ, ಮದುವೆ ಬಾಣಂತನಗಳ ಕಾರಣಕ್ಕೆ ಮನೆಯಲ್ಲಿ ಉಳಿದಾಗ. ಇದಕ್ಕೆ ಬದಲಿ ಬೇಡಿಕೆ ಎನ್ನೋಣ. ವಿಸ್ತರಣೆಯಿಂದ ಬರುವ ಬೇಡಿಕೆಯನ್ನೂ ಇದನ್ನೂ ಕೂಡಿಸಿದರೆ ಒಟ್ಟು ಬೇಡಿಕೆ.

ಲೆಕ್ಕದ ಕ್ರಮ ತಿಳಿಯಲೆಂದು ಕೇವಲ ಕಲ್ಪಿತವಾದ ಒಂದು ಉದಾಹರಣೆ ನೋಡೋಣ. ಜಿಲ್ಲೆಯಲ್ಲಿ 1,200 ಸಿಎನ್‌ಸಿ ಆಪರೇಟರ್‌ಗಳಿದ್ದಾರೆ. ಕಳೆದ ವರ್ಷ ಘಟಕಗಳು ಒಟ್ಟು 448 ಜನರನ್ನು ಸೇರಿಸಿಕೊಂಡವು, 400 ಜನ ಬಿಟ್ಟರು. ಸಂಖ್ಯೆ 48ರಷ್ಟು, ಅಂದರೆ ಶೇ 4ರಷ್ಟು ಬೆಳೆಯಿತು. ಇಷ್ಟೇ ನೋಡಿದವರು "ವರ್ಷಕ್ಕೆ 448 ಜನರ ಅಗತ್ಯವಿದೆ" ಎಂದು ಯೋಜನೆ ಬರೆಯುತ್ತಾರೆ. ಆದರೆ ಸೇರಿದ 448ರಲ್ಲಿ 304 ಮಂದಿ ಪಕ್ಕದ ಘಟಕದಿಂದ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಿಗೆ ಸಿಕ್ಕಿತೆಂದೋ ಬಸ್ಸು ಹತ್ತಿರವೆಂದೋ ಬಂದವರು. ಅವರು ಒಂದು ಬಾಗಿಲಿನಿಂದ ಹೊರಗೆ ಹೋಗಿ ಇನ್ನೊಂದರಿಂದ ಒಳಗೆ ಬಂದರು. ಜಿಲ್ಲೆಯ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಅವರನ್ನು ಎರಡೂ ಕಡೆಯಿಂದ ಕಳೆದರೆ, ಈ ಕೆಲಸದಿಂದ ನಿಜವಾಗಿ ಹೊರಹೋದವರು 96, ಅಂದರೆ ಶೇ 8. ಹೊಸಬರಾಗಿ ಒಳಬಂದವರು 144. ತರಬೇತಿ ಸಂಸ್ಥೆಗಳು ನೋಡಬೇಕಾದ ಸಂಖ್ಯೆ 144. ಅದರಲ್ಲಿ ಮೂರನೆಯ ಎರಡು ಪಾಲು ಬದಲಿ ಬೇಡಿಕೆ ಎಂಬುದನ್ನು ಗಮನಿಸಿ. ಬೆಳವಣಿಗೆ ಶೇ 2ಕ್ಕೆ ಇಳಿದರೂ ವರ್ಷಕ್ಕೆ 120 ಜನ ಬೇಕು, ಶೇ 7ಕ್ಕೆ ಏರಿದರೂ 180 ಸಾಕು. ಬೆಳವಣಿಗೆಯ ಊಹೆಯಲ್ಲಿ ದೊಡ್ಡ ತಪ್ಪಾದರೂ ಒಟ್ಟು ಅಂದಾಜು ಅಷ್ಟಾಗಿ ಅಲುಗಾಡುವುದಿಲ್ಲ. ಬಿಡುವವರ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಇನ್ನು ಪೂರೈಕೆಯ ಕಡೆ. ಸಂಬಂಧಪಟ್ಟ ಐಟಿಐ ವೃತ್ತಿಗಳು, ಡಿಪ್ಲೊಮಾ, ಜಿಟಿಟಿಸಿಯಂಥ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕೇಂದ್ರಗಳ ಕೋರ್ಸುಗಳು ಎಲ್ಲ ಸೇರಿ ವರ್ಷಕ್ಕೆ 320 ಮಂದಿ ತೇರ್ಗಡೆಯಾಗುತ್ತಾರೆ ಎಂದುಕೊಳ್ಳಿ. ಇವರೆಲ್ಲ ಜಿಲ್ಲೆಯ ಸಿಎನ್‌ಸಿ ಯಂತ್ರದ ಮುಂದೆ ಬಂದು ನಿಲ್ಲುವುದಿಲ್ಲ. ಎಷ್ಟು ಜನ ನಿಲ್ಲುತ್ತಾರೆ ಎಂಬುದನ್ನು ತಿಳಿಯಲು ತೇರ್ಗಡೆಯಾದವರನ್ನು ಆರು ತಿಂಗಳಾದಾಗ ಒಮ್ಮೆ, ಒಂದು ವರ್ಷವಾದಾಗ ಮತ್ತೊಮ್ಮೆ ದೂರವಾಣಿಯಲ್ಲಿ ಮಾತನಾಡಿಸಬೇಕು. ಹುಡುಗರು ಸಿಮ್ ಬದಲಿಸುತ್ತಲೇ ಇರುವುದರಿಂದ ಪ್ರವೇಶದ ಹೊತ್ತಿಗೇ ಮನೆಯವರ ಇನ್ನೊಂದು ಸಂಖ್ಯೆಯನ್ನು, ಸಾಧ್ಯವಾದರೆ ತಾಯಿಯದನ್ನು, ಬರೆದಿಟ್ಟುಕೊಳ್ಳಿ. ಹೀಗೆ ವಿಚಾರಿಸಿದಾಗ ಶೇ 30 ಮಂದಿ ಈ ಕೆಲಸದಲ್ಲಿ, ಈ ಜಿಲ್ಲೆಯಲ್ಲಿ ಇದ್ದಾರೆ ಎಂದು ತಿಳಿದರೆ ಸ್ಥಳೀಯ ಪೂರೈಕೆ 96. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬರುವ 30 ಮಂದಿಯನ್ನು ಸೇರಿಸಿದರೆ 126. ಕೊರತೆ 18.

18 ಜನ ಕಡಿಮೆ, ಆದ್ದರಿಂದ 20 ಸೀಟಿನ ಒಂದು ಘಟಕ ಎನ್ನುವುದು ಸಹಜವಾಗಿ ಬರುವ ತೀರ್ಮಾನ, ಮತ್ತು ಅದು ತಪ್ಪು. ತೇರ್ಗಡೆಯಾದವರಲ್ಲಿ ಶೇ 30 ಮಾತ್ರ ಉಳಿಯುವುದಾದರೆ 20 ಸೀಟಿನಿಂದ ಸಿಗುವುದು 6 ಜನ. 18 ಜನ ಬೇಕಾದರೆ 60 ಸೀಟುಗಳು, ಅಂದರೆ ಮೂರು ಘಟಕಗಳು, ಅವುಗಳ ಯಂತ್ರ, ಕಟ್ಟಡ, ಬೋಧಕರು ಬೇಕು. ಬದಲಿಗೆ ಈಗಿರುವ 320ರಲ್ಲಿ ಉಳಿಯುವವರ ಪ್ರಮಾಣವನ್ನು ಶೇ 30ರಿಂದ 36ಕ್ಕೆ ಏರಿಸಿದರೆ 19 ಜನ ಹೆಚ್ಚುವರಿಯಾಗಿ ಸಿಗುತ್ತಾರೆ. ಏಕೆ ಉಳಿಯಲಿಲ್ಲ ಎಂದು ದೂರವಾಣಿಯಲ್ಲಿ ಕೇಳಿದ್ದರೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ: ರಾತ್ರಿ ಪಾಳಿ ಮುಗಿದಾಗ ಬಸ್ಸಿಲ್ಲ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲ, ಮೊದಲ ವರ್ಷದ ಸಂಬಳದಲ್ಲಿ ಬಾಡಿಗೆ ಕಟ್ಟಿದರೆ ಏನೂ ಉಳಿಯದು. ಕೌಶಲದ ಬೇಡಿಕೆ ಎಂದು ಆರಂಭವಾದ ಲೆಕ್ಕ ಸಾರಿಗೆ ಸಂಸ್ಥೆಯ ವೇಳಾಪಟ್ಟಿಯಲ್ಲಿ ಕೊನೆಗೊಳ್ಳುವುದು ಅಪರೂಪವಲ್ಲ. ಇಂಥ ಉತ್ತರವನ್ನು ಸಭೆಯ ಮುಂದಿಡಲು ಹಿಂಜರಿಯಬಾರದು.

ಆರನೆಯ ಹೆಜ್ಜೆ: ಘೋಷಣೆಗಳನ್ನು ಸೋಸುವುದು

ಹೂಡಿಕೆದಾರರ ಸಮಾವೇಶದಲ್ಲಿ ಸಹಿಯಾದ ಒಪ್ಪಂದಗಳಲ್ಲಿ ಹೇಳಿದ ಉದ್ಯೋಗಗಳ ಸಂಖ್ಯೆಯನ್ನು ನೇರವಾಗಿ ಬೇಡಿಕೆಗೆ ಸೇರಿಸಬಾರದು. ನಾನು ಸೂಚಿಸುವ ಕ್ರಮ ಒರಟಾದದ್ದು, ಆದರೆ ಉಪಯುಕ್ತ: ಕೇವಲ ಒಪ್ಪಂದವಾಗಿದ್ದರೆ ಸೊನ್ನೆ, ಜಾಗ ಹಂಚಿಕೆಯಾಗಿ ಕಟ್ಟಡ ಏಳುತ್ತಿದ್ದರೆ ಹೇಳಿದ್ದರಲ್ಲಿ ಅರ್ಧ, ವಿದ್ಯುತ್ ಸಂಪರ್ಕ ಬಂದು ನೇಮಕಾತಿ ಆರಂಭವಾಗಿದ್ದರೆ ಘಟಕವೇ ಕೊಟ್ಟ ವೃತ್ತಿವಾರು ಪಟ್ಟಿ.

ಹೆಲಿಕಾಪ್ಟರ್ ಕಾರ್ಖಾನೆಯನ್ನೇ ನೋಡಿ. ಶಂಕುಸ್ಥಾಪನೆ 2016ರ ಜನವರಿಯಲ್ಲಿ, ಉದ್ಘಾಟನೆ 2023ರ ಫೆಬ್ರುವರಿಯಲ್ಲಿ. ನಡುವೆ ಏಳು ವರ್ಷ. ಶಂಕುಸ್ಥಾಪನೆಯ ದಿನವೇ ತರಬೇತಿಗೆ ಸೇರಿದ ಫಿಟ್ಟರ್ ಉದ್ಘಾಟನೆಯ ಹೊತ್ತಿಗೆ ಐದು ವರ್ಷ ಬೇರೆಡೆ ದುಡಿದಿರುತ್ತಿದ್ದ. ಉತ್ಪಾದನೆಯ ಯೋಜನೆ ಕೂಡ ಹಂತಹಂತವಾದದ್ದು: ವರ್ಷಕ್ಕೆ ಮೊದಲು 30 ಹೆಲಿಕಾಪ್ಟರ್, ಅನಂತರ 60, ಆಮೇಲೆ 90. ಹಂತಕ್ಕೆ ತಕ್ಕಂತೆ ಬೇಡಿಕೆಯೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇಂಥ ಸಾರ್ವಜನಿಕ ಉದ್ದಿಮೆಯ ಕಾಯಂ ನೇಮಕಾತಿಗೆ ದೇಶದ ಎಲ್ಲೆಡೆಯಿಂದ ಅರ್ಜಿಗಳು ಬರುವುದರಿಂದ, ಜಿಲ್ಲೆಯ ಹುಡುಗರ ಪಾಲನ್ನು ಹುಡುಕಬೇಕಾದ್ದು ಬಿಡಿಭಾಗ ಪೂರೈಸುವ ಘಟಕಗಳಲ್ಲಿ, ನಿರ್ವಹಣೆಯಲ್ಲಿ, ಅಪ್ರೆಂಟಿಸ್ ಹುದ್ದೆಗಳಲ್ಲಿ.

ಪಾವಗಡದ ಪಾಠ ಬೇರೆ. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ 2018 ಮತ್ತು 2019ರಲ್ಲಿ ಎದ್ದು ನಿಂತಿತು. ಕಂಬ ನೆಡುವಾಗ, ಫಲಕ ಜೋಡಿಸುವಾಗ, ಕೇಬಲ್ ಎಳೆಯುವಾಗ ಬಹಳ ಕೈಗಳು ಬೇಕಿದ್ದವು. ನಿರ್ಮಾಣ ಮುಗಿದ ಮೇಲೆ ಉಳಿದದ್ದು ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು, ಮತ್ತು ಕೆಲವೇ ತಂತ್ರಜ್ಞರ ಕೆಲಸ. ಆದ್ದರಿಂದ ಪ್ರತಿ ಯೋಜನೆಗೂ ನಿರ್ಮಾಣದ ಬೇಡಿಕೆ, ನಡೆಸುವ ಬೇಡಿಕೆ ಎಂದು ಎರಡು ಸಾಲು ಇರಬೇಕು. ಮೊದಲನೆಯದಕ್ಕೆ ಅಲ್ಪಾವಧಿ ತರಬೇತಿ ಸಾಕು, ಎರಡನೆಯದಕ್ಕೆ ಮಾತ್ರ ಖಾಯಂ ಘಟಕ. ಕುಗ್ಗುವ ಕೆಲಸಗಳಿಗೂ ಒಂದು ಸಾಲು ಬೇಕು. 2016ರಲ್ಲಿ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನವಾದಾಗ ಜೊತೆಗೇ ಚದುರಿದ್ದು ಸೂಕ್ಷ್ಮ ಯಂತ್ರಭಾಗಗಳ ಕೆಲಸದಲ್ಲಿ ಪಳಗಿದ್ದ ಕೈಗಳು; ಅಂಥ ಕೌಶಲ ಯಾವ ಹೊಸ ಕೆಲಸಕ್ಕೆ ಹೊಂದೀತು ಎಂದು ನೋಡುವುದೂ ಇದೇ ವ್ಯವಸ್ಥೆಯ ಕೆಲಸ.

ಏಳನೆಯ ಹೆಜ್ಜೆ: ತಾಳೆ ನೋಡಿ, ಪ್ರಕಟಿಸುವುದು

ಕರಡು ಸಿದ್ಧವಾದ ಮೇಲೆ ಉದ್ಯಮಿಗಳನ್ನು, ಕಾರ್ಮಿಕ ಸಂಘಟನೆಯವರನ್ನು, ಬೋಧಕರನ್ನು, ಗುತ್ತಿಗೆದಾರರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕೆಲಸದಿಂದ ಕೆಲಸಕ್ಕೆ ಸಂಖ್ಯೆಗಳನ್ನು ಓದಿ ಹೇಳಿ. ಉದ್ಯಮಿಗಳು ಬೇಡಿಕೆಯನ್ನು ಹಿಗ್ಗಿಸುವುದು, ತರಬೇತಿದಾರರು ತಮ್ಮ ಕೋರ್ಸನ್ನು ಸಮರ್ಥಿಸಿಕೊಳ್ಳುವುದು ಸಹಜ. ಎದುರುಬದುರಾದಾಗ ಎರಡೂ ತಕ್ಕಮಟ್ಟಿಗೆ ತಣ್ಣಗಾಗುತ್ತವೆ.

ಪ್ರಕಟಿಸುವಾಗ ಒಂದು ಅಪಾಯದ ಅರಿವಿರಲಿ. ಎರಡು ದಶಕಗಳ ಹಿಂದೆ ಡಿ.ಎಡ್. ಮುಗಿಸಿದವರಿಗೆ ಶಾಲಾ ಶಿಕ್ಷಕರ ಕೆಲಸ ಖಚಿತ ಎಂಬ ಮಾತು ಹಬ್ಬಿ, ರಾಜ್ಯದಲ್ಲಿ ಕಾಲೇಜುಗಳು ಊರೂರಿಗೆ ಎದ್ದವು. ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದ್ದರಿಂದ ನೇಮಕಾತಿ ನಿಧಾನವಾದಾಗ ತರಬೇತಾದವರು ಕಾಯುತ್ತ ಉಳಿದರು, ಆಮೇಲೆ ಸೀಟುಗಳೇ ತುಂಬದೆ ಕಾಲೇಜುಗಳು ಮುಚ್ಚಿದವು. ಆಗ ಸುದ್ದಿ ಸುಳ್ಳಾಗಿರಲಿಲ್ಲ, ಆದರೆ ಅದರಲ್ಲಿ "ಎಷ್ಟು ಜನರಿಗೆ", "ಎಲ್ಲಿಯವರೆಗೆ" ಎಂಬುದು ಇರಲಿಲ್ಲ. ಆದ್ದರಿಂದ "ಈ ಕೆಲಸಕ್ಕೆ ಭಾರೀ ಬೇಡಿಕೆ" ಎಂದು ಬರೆಯಬೇಡಿ. "2028ರಿಂದ ವರ್ಷಕ್ಕೆ 120ರಿಂದ 180 ಹೊಸಬರು ಬೇಕಾಗಬಹುದು, ಈಗ 126 ಮಂದಿ ಸಿಗುತ್ತಿದ್ದಾರೆ" ಎಂದು ಬರೆಯಿರಿ. ಒಂದೊಂದು ಕೆಲಸಕ್ಕೆ ಒಂದೊಂದು ಪುಟ, ಕನ್ನಡದಲ್ಲಿ: ಕೆಲಸವೇನು, ಆರಂಭದ ಸಂಬಳ ಎಷ್ಟರಿಂದ ಎಷ್ಟು, ಐದು ವರ್ಷದ ಅನುಭವಕ್ಕೆ ಎಷ್ಟು, ಎಲ್ಲಿ ಕಲಿಯಬಹುದು, ಪಾಳಿ ಹೇಗೆ, ಅಂದಾಜು ಎಷ್ಟು ನಂಬಬಹುದು, ಯಾವ ತಿಂಗಳಿನದು. ಐಟಿಐ ಪ್ರವೇಶದ ಅರ್ಜಿ ಕರೆಯುವ ಮೊದಲೇ ಇದು ಪ್ರೌಢಶಾಲೆಗಳನ್ನು, ಗ್ರಾಮ ಪಂಚಾಯಿತಿಗಳನ್ನು ತಲುಪಬೇಕು. ಫಲಿತಾಂಶ ಬಂದು ಮೂರು ವಾರವಾದ ಮೇಲೆ ತಲುಪಿದ ಪುಟದಿಂದ ಯಾರ ತೀರ್ಮಾನವೂ ಬದಲಾಗದು.

ಗೋಪ್ಯತೆಯ ವಿಷಯದಲ್ಲಿ ಸಡಿಲ ಬಿಡಬಾರದು. ಮೂರಕ್ಕಿಂತ ಕಡಿಮೆ ಘಟಕಗಳಿರುವ ಯಾವ ಅಂಕಿಯನ್ನೂ ಬಿಡಿಯಾಗಿ ಪ್ರಕಟಿಸಬೇಡಿ, ಏಕೆಂದರೆ ಊರಿನವರಿಗೆ ಅದು ಯಾರದೆಂದು ತಕ್ಷಣ ಗೊತ್ತಾಗುತ್ತದೆ, ಮರುವರ್ಷ ಆ ಗೇಟು ನಿಮಗೆ ತೆರೆಯುವುದಿಲ್ಲ. ವಿದ್ಯಾರ್ಥಿಗಳ ದೂರವಾಣಿ ಸಂಖ್ಯೆಗಳನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಪಡೆದು, ಹೇಳಿದ ಉದ್ದೇಶಕ್ಕೆ ಮಾತ್ರ ಬಳಸಬೇಕು.

ಎಂಟನೆಯ ಹೆಜ್ಜೆ: ತಪ್ಪುಗಳ ಪುಸ್ತಕ

ಪ್ರತಿ ವರ್ಷದ ಅಂದಾಜನ್ನು ಆ ವರ್ಷ ಮುಗಿದ ಮೇಲೆ ನಡೆದದ್ದರ ಪಕ್ಕದಲ್ಲಿಟ್ಟು ಬರೆಯಿರಿ. 144 ಎಂದು ಹೇಳಿದ್ದು 110 ಆಗಿದ್ದರೆ, ಆ 34ರಲ್ಲಿ ಬೆಳವಣಿಗೆಯ ಊಹೆಯ ಪಾಲೆಷ್ಟು, ಬಿಡುವವರ ಪ್ರಮಾಣದ ಪಾಲೆಷ್ಟು, ಮಾದರಿಯಲ್ಲಿ ತಪ್ಪಿಹೋದ ಘಟಕಗಳ ಪಾಲೆಷ್ಟು ಎಂದು ಬಿಡಿಸಿ. ಮೂರು ವರ್ಷ ಹೀಗೆ ಮಾಡಿದರೆ ಯಾವ ಉದ್ದಿಮೆ ಯಾವಾಗಲೂ ಹೆಚ್ಚು ಹೇಳುತ್ತದೆ, ಯಾವುದು ಕಡಿಮೆ ಹೇಳುತ್ತದೆ ಎಂಬುದು ಸ್ಪಷ್ಟವಾಗಿ, ಮುಂದಿನ ಸಲ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು.

ಭೇಟಿಗಳಿಗೆ ನವೆಂಬರ್ ಮತ್ತು ಡಿಸೆಂಬರ್, ಲೆಕ್ಕಕ್ಕೆ ಜನವರಿ, ತಾಳೆ ನೋಡುವ ಸಭೆಗೆ ಫೆಬ್ರುವರಿ, ಪ್ರಕಟಣೆಗೆ ಏಪ್ರಿಲ್ ಎಂಬ ವೇಳಾಪಟ್ಟಿ ನಮ್ಮ ಶೈಕ್ಷಣಿಕ ವರ್ಷಕ್ಕೆ ಹೊಂದುತ್ತದೆ. ಕೆಲಸಕ್ಕೆ ಒಬ್ಬ ಸಾಂಖ್ಯಿಕ ಸಹಾಯಕ, ಸಮೀಕ್ಷೆಯ ಕಾಲಕ್ಕೆ ನಾಲ್ವರು ಕ್ಷೇತ್ರ ಸಿಬ್ಬಂದಿ, ಒಂದು ಸಾಮಾನ್ಯ ಕಂಪ್ಯೂಟರ್ ಸಾಕು. ಇದರಲ್ಲಿ ಅತಿ ದೊಡ್ಡ ಅಪಾಯ ತಂತ್ರಜ್ಞಾನದ್ದಲ್ಲ, ವರ್ಗಾವಣೆಯದು: ಆಸಕ್ತಿಯಿಂದ ಮಾಡಿದ ಅಧಿಕಾರಿ ಬೇರೆ ಜಿಲ್ಲೆಗೆ ಹೋದಾಗ ಕಡತವೂ ಅವರ ಲ್ಯಾಪ್‌ಟಾಪಿನೊಳಗೇ ಹೋಗಿಬಿಡುತ್ತದೆ. ಹೆಸರುಗಳ ಕೋಷ್ಟಕ, ಘಟಕಗಳ ಪಟ್ಟಿ, ಪ್ರಶ್ನಾವಳಿ, ಗುಣಾಕಾರದ ತೂಕಗಳು ಮತ್ತು ತಪ್ಪುಗಳ ಪುಸ್ತಕ ಇವೈದರ ಪ್ರತಿಗಳನ್ನು ಜಿಲ್ಲಾ ಕೌಶಲ ಕಚೇರಿಯಲ್ಲಿ, ಜಿಲ್ಲಾ ಸಾಂಖ್ಯಿಕ ಕಚೇರಿಯಲ್ಲಿ ಮತ್ತು ಒಂದು ಸರ್ಕಾರಿ ಐಟಿಐನಲ್ಲಿ ಪ್ರತಿ ಮೇ ತಿಂಗಳು ಸಹಿ ಪಡೆದು ಇರಿಸಿ.